ಕೊಬ್ಬರಿ ಎಣ್ಣೆ ಗಟ್ಟಿಯಾದ ಮನೆ

ಆ ವರ್ಷ ಕೊಬ್ಬರಿ ಎಣ್ಣೆ ಗಟ್ಟಿಯಾದದ್ದು ನಮ್ಮ ಮನೆಯಲ್ಲಿ. ಬೆಳಿಗ್ಗೆ ಬಾಚಣಿಗೆ ಹಿಡಿದು ಹಿತ್ತಿಲ ಕಟ್ಟೆಯ ಮೇಲೆ ಕೂತು ಬಾಟಲಿ ಬಗ್ಗಿಸಿದೆ. ಏನೂ ಬೀಳಲಿಲ್ಲ. ತಟ್ಟಿದೆ. ಕಡ್ಡಿ ಹಾಕಿ ನೋಡಿದರೆ ಕಡ್ಡಿಯ ತುದಿಗೆ ಬೆಣ್ಣೆಯಂಥದ್ದು ಅಂಟಿಕೊಂಡು ಬಂತು. ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ, ಮಲಗಿದ್ದ ನನ್ನ ಗಂಡ ಪಂಪಾಪತಿಯನ್ನು ಅಲುಗಾಡಿಸಿದೆ.

"ರೀ, ಏಳ್ರಿ. ನಮ್ಮ ಹಿತ್ತಲಕ್ಕ ಬಂದೈತಿ."

"ಏನು, ಹಾವಾ?"

"ಚಳಿ."

ಅವರು ಎದ್ದು ಕೂತರು. ಬಾಟಲಿಯನ್ನು ತಲೆಕೆಳಗೆ ಮಾಡಿ ನೋಡಿದರು. ಅಂಗಿಯ ಗುಂಡಿಯನ್ನೂ ಹಾಕದೆ ಹೊರಟವರನ್ನು ಬಾಗಿಲಲ್ಲಿ ತಡೆದೆ. "ಯಾರಿಗೂ ಹೇಳಬ್ಯಾಡ್ರಿ. ಎರಡು ದಿನ ನೋಡೋಣು. ಸುಳ್ಳಾದ್ರ ನಗಪಾಟಲಾಗತೈತಿ."

"ಇಂದುಮತಿ, ಇದೇನು ಬಸುರಿ ಸುದ್ದಿ ಏನ, ಮೂರು ತಿಂಗಳು ಮುಚ್ಚಿಡಾಕ?" ಎಂದು ನಗುತ್ತ ಹೋದರು. ಅವರು ನೀರಿನ ಟ್ಯಾಂಕರ್ ಓಡಿಸುತ್ತಾರೆ. ಬೆಳಗಿನ ಮೊದಲ ಸುತ್ತು ಮುಗಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು.

ನಮ್ಮೂರಿಗೆ ಚಳಿ ಬರುವುದು ಹೀಗೆಯೇ. ವರ್ಷಕ್ಕೊಮ್ಮೆ, ಒಂದೇ ಒಂದು ಜಾಗಕ್ಕೆ, ನೂರು ದಿನ. ಉಳಿದ ಊರಿನಲ್ಲಿ ಎಂದಿನಂತೆ ಮರಳು ಕಾಯುತ್ತಿರುತ್ತದೆ, ಮಧ್ಯಾಹ್ನ ಬಾಗಿಲ ಚಿಲಕ ಮುಟ್ಟಿದರೆ ಬೊಬ್ಬೆ ಏಳುತ್ತದೆ. ಒಂದು ವರ್ಷ ಅದು ದರ್ಜಿಯ ಮನೆಗೆ ಬಂದಿತ್ತು. ಇನ್ನೊಂದು ವರ್ಷ ಪೊಲೀಸ್ ಠಾಣೆಯ ಹಿಂದಿನ ಅಂಗಳಕ್ಕೆ. ಅದರ ಹಿಂದಿನ ವರ್ಷ ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಇಳಿದು, ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಏಣಿ ಹತ್ತಿದ್ದರು. ನಾನು ಕಾಲೇಜಿಗೆಂದು ಮೂರು ವರ್ಷ ಹೊರಗಿನ ಒಂದು ಊರಿನಲ್ಲಿದ್ದೆ. ಅಲ್ಲಿ ಚಳಿ ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತಿತ್ತು. ಹಾಗಾಗಿ ಯಾರೂ ಅದನ್ನು ನೋಡಲು ಬರುತ್ತಿರಲಿಲ್ಲ.

ಅಂದೇ ಮಧ್ಯಾಹ್ನ ಹೊನ್ನೂರಬಿ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಂದಳು. ಎಪ್ಪತ್ತರ ಮೇಲಿನ ವಯಸ್ಸು, ಬಾಯಲ್ಲಿ ಒಂದೂ ಹಲ್ಲಿಲ್ಲ. ಊರಿನ ಚಳಿಬೀಜವೆಲ್ಲ ಇರುವುದು ಅವಳ ಬಳಿ. ಚಳಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಬಂದು ನೂರು ದಿನ ಇದ್ದು, ಇಡೀ ಊರಿಗೆ ಆಗುವ ತರಕಾರಿ ಬೆಳೆದು, ಮತ್ತೆ ಬೀಜ ಕಟ್ಟಿಕೊಂಡು ಹೋಗುತ್ತಾಳೆ. ನಮ್ಮದು ಅವಳಿಗೆ ಮೂವತ್ತೆಂಟನೆಯ ಮನೆ. ಮಂಚ ಕೊಟ್ಟೆವು, ಬೇಡವೆಂದಳು. ಹಿತ್ತಿಲಿಗೆ ಹೋಗಿ, ನೆಲದ ಮೇಲೆ ಮಲಗಿ, ಒಂದು ಕೆನ್ನೆಯನ್ನು ಮಣ್ಣಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಎದ್ದು, ನಾಲ್ಕು ಹೆಜ್ಜೆ ಆಚೆ ಹೋಗಿ ಮತ್ತೆ ಮಲಗಿದಳು. ಮೂರು ದಿನ ಅವಳು ಮಾಡಿದ್ದು ಅದೊಂದೇ ಕೆಲಸ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಂದು ಬೀಜವೂ ನೆಲಕ್ಕೆ ಬೀಳದೆ ದಿನ ಹೋಗುತ್ತಿದೆಯಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ನಾಲ್ಕನೆಯ ದಿನ ಅವಳು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದಳು. ಬಚ್ಚಲಿನ ಮಗ್ಗುಲಿಗೆ ಮೂಲಂಗಿ ಮತ್ತು ಕೊತ್ತಂಬರಿ, ನಡುವೆ ಎಲೆಕೋಸು ಹೂಕೋಸು, ಬಾವಿಯ ಹತ್ತಿರ ಗಜ್ಜರಿ. ಸಾಲುಗಳ ನಡುವೆ ಬಣ್ಣ ಬಳಿಯದ, ಬರೀ ಸುಟ್ಟ ಮಣ್ಣಿನ ಕುಡಿಕೆಗಳನ್ನು ಕೊರಳವರೆಗೆ ಹೂಳಿಸಿ ನೀರು ತುಂಬಿಸಿದಳು. ನೀರು ಕುಡಿಕೆಯ ಮೈಯಿಂದ ಬೆವರಿ ನೇರ ಬೇರಿಗೆ ಹೋಗುತ್ತದೆ, ಮೇಲಿನ ಮಣ್ಣು ಒಣಗಿಯೇ ಇರುತ್ತದೆ. ಎರಡು ಬೆರಳು ದಪ್ಪ ಹೊಟ್ಟು ಹಾಸಿದಳು. ನೆರೆಮನೆಗೂ ನಮಗೂ ನಡುವಿನ ಗೋಡೆಯ ಉದ್ದಕ್ಕೆ ಗೂಟ ಹೊಡೆದು ದಾರ ಕಟ್ಟಿಸಿದಳು. ಆಮೇಲೆ ಪೆಟ್ಟಿಗೆಯ ತಳದಿಂದ ಒಂದು ಸಣ್ಣ ಚೀಲ ತೆಗೆದು ನನ್ನ ಕೈಯಲ್ಲಿ ಸುರುವಿದಳು. ಒಂದು ಹಿಡಿಯೂ ಇರಲಿಲ್ಲ. ಸುಕ್ಕುಗಟ್ಟಿದ ಬಟಾಣಿ.

"ಗಿರಣಿ ಮಾಳಿಗಿ ಮ್ಯಾಲೆ ಹೂವೆಲ್ಲಾ ಗಾಳಿಗೆ ಉದುರಿದ್ವು. ಠಾಣೆದಾಗ ಇಲಿ ತಿಂದ್ವು. ಉಳದದ್ದು ಇಷ್ಟ. ಈ ಸಲ ಕಾಳು ಕಟ್ಟಲಿಲ್ಲಂದ್ರ ಬಟಾಣಿ ಅನ್ನೂದು ಈ ಊರಾಗ ಬರೀ ಮಾತಿನ್ಯಾಗ ಉಳೀತೈತಿ."

"ಪ್ಯಾಟಿಯಿಂದ ಬ್ಯಾರೆ ಬೀಜ ತರಿಸಿದ್ರ, ಆಯಿ?"

"ತರಿಸಿ ನೋಡೇವಿ. ಅವು ನಮ್ಮ ಚಳಿ ಮಾತು ಕೇಳೂದಿಲ್ಲ."

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಬೇರೆ ಏನೂ ಉಳಿಯಲಿಲ್ಲ. ಇಡೀ ಊರಿನ ಬಟಾಣಿ ನನ್ನ ಹಿತ್ತಿಲಲ್ಲಿತ್ತು. ನಾನು ನೀರು ಸರಬರಾಜು ಕಚೇರಿಯಲ್ಲಿ ನೋಟಿಸು ಬರೆಯುವವಳು. ಅಲ್ಲಿ ಗೋಡೆಗೆ ತೂಗುಬಿಟ್ಟಿದ್ದ ಉಷ್ಣಮಾಪಕವನ್ನು ಸಾಹೇಬರನ್ನು ಕೇಳಿ ತಂದು ಹಿತ್ತಿಲ ಕಂಬಕ್ಕೆ ಕಟ್ಟಿದೆ. ಬೀದಿಯಲ್ಲಿ ನಲವತ್ತಮೂರು, ನಮ್ಮಲ್ಲಿ ಹದಿನೆಂಟು. ದಿನಕ್ಕೆ ಮೂವತ್ತು ಸಲ ಹೋಗಿ ನೋಡುತ್ತಿದ್ದೆ. ಹೊನ್ನೂರಬಿ ಒಮ್ಮೆ ಕೇಳಿದಳು, "ಅದಕ್ಕೇನು ಜ್ವರ ಬಂದೈತೇನ ಮಗಳ, ಹಂಗ್ಯಾಕ ನೋಡ್ತಿ?"

ಚಳಿ ಬಂದ ಮನೆಯ ಕದ ಮುಚ್ಚುವಂತಿಲ್ಲ. ಯಾರು ಬೇಕಾದರೂ ಬಂದು ಒಂದು ಗಳಿಗೆ ಕೂತು ಹೋಗಬಹುದು, ತಮ್ಮ ಶಾಲು ತಾವೇ ತರಬೇಕು, ಅಷ್ಟೆ. ಆ ಶಾಲುಗಳು ಬೇರೆ ಯಾವ ಕೆಲಸಕ್ಕೂ ಬಾರದವು, ಅಜ್ಜನಿಂದ ಮೊಮ್ಮಗನಿಗೆ ಬಂದವು, ನುಸಿಗುಳಿಗೆಯ ವಾಸನೆಯವು. ಅಂಚೆಯ ಕೆಲಸದಿಂದ ನಿವೃತ್ತನಾಗಿದ್ದ ಗೂಳಪ್ಪ ತಾತ ದಿನಾ ಮೊದಲು ಬಂದು ಗಜ್ಜರಿ ಸಾಲಿನ ಪಕ್ಕ ತನ್ನ ಜಾಗ ಹಿಡಿಯುತ್ತಿದ್ದ. ಬೆವರುಸಾಲೆ ಎದ್ದ ಕೂಸುಗಳನ್ನು ತಾಯಂದಿರು ತಂದು ಕೋಸಿನ ಎಲೆಗಳ ನಡುವೆ ಮಲಗಿಸುತ್ತಿದ್ದರು. ಮೊದಲ ಎಲೆಕೋಸು ಕಟ್ಟಿದ ದಿನ ಹೊನ್ನೂರಬಿ ಅದನ್ನು ಪದರ ಪದರವಾಗಿ ಬಿಡಿಸಿ ಮನೆಗೊಂದು ಪದರ ಕಳಿಸಿದಳು. ಒಂದು ಪದರದಲ್ಲಿ ಹೇಗೆ ಪಲ್ಯ ಮಾಡುತ್ತಾರೆ ಎಂದು ನೀವು ಕೇಳಬಹುದು. ನಮ್ಮೂರ ಹೆಂಗಸರನ್ನು ಕೇಳಿ, ಎಂಟು ಜನಕ್ಕೆ ಬಡಿಸುತ್ತಾರೆ.

ಬಟಾಣಿಯ ಬಳ್ಳಿ ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಐವತ್ತನೆಯ ದಿನಕ್ಕೆ ಬಿಳಿ ಹೂ ಬಿಟ್ಟು, ಆಮೇಲೆ ಚಪ್ಪಟೆ ಕಾಯಿ ಇಳಿಬಿದ್ದವು. ಹೊನ್ನೂರಬಿ ಬೆಳಿಗ್ಗೆ ಒಂದೊಂದೇ ಕಾಯಿಯನ್ನು ಸೂರ್ಯನಿಗೆ ಅಡ್ಡ ಹಿಡಿದು ನೋಡುತ್ತಿದ್ದಳು. ಅವಳು ಗಿಡವನ್ನು ಹಿಡಿಯುವ ರೀತಿ ನೋಡಲೆಂದೇ ನಾನು ಕಚೇರಿಗೆ ತಡವಾಗಿ ಹೋಗುತ್ತಿದ್ದೆ. ಎಲೆ ತಿರುಗಿಸುವಾಗ ಅವಳು ಎಲೆಯನ್ನು ಹಿಡಿಯುತ್ತಿರಲಿಲ್ಲ, ಅದರ ಕೆಳಗೆ ಬೆರಳು ಇಟ್ಟು ಎಲೆ ತಾನಾಗಿ ಹೊರಳುವ ತನಕ ಕಾಯುತ್ತಿದ್ದಳು.

ಅರವತ್ತಮೂರನೆಯ ದಿನ ಬಚ್ಚಲಿನ ಮೂಲೆಯಲ್ಲಿ ನನ್ನ ಕಾಲಿಗೆ ನೆಲ ಬೆಚ್ಚಗೆ ತಾಗಿತು. ಉಷ್ಣಮಾಪಕವನ್ನು ಬಿಚ್ಚಿ ಅಲ್ಲಿಗೆ ಒಯ್ದೆ. ಇಪ್ಪತ್ತಾರು. ಇನ್ನೂ ಮೂವತ್ತೇಳು ದಿನ ಇರಬೇಕಾದದ್ದು.

ಇಲ್ಲಿ ನಮ್ಮೂರ ಒಂದು ನಡವಳಿಕೆ ಹೇಳಬೇಕು. ಚಳಿ ಹೋಗುತ್ತಿದೆ ಎಂಬ ಮಾತನ್ನು ಆ ಮನೆಯವರು ಮಾತ್ರ ಆಡಬಹುದು. ಬಂದವರು ಆಡುವಂತಿಲ್ಲ. ಅತಿಥಿಯಾಗಿ ಬಂದು, ನಿಮ್ಮ ಮನೆ ಬಿಸಿಯಾಗಿದೆ ಎನ್ನುವುದು ನಿಮ್ಮ ಅನ್ನ ಹಳಸಿದೆ ಎಂದ ಹಾಗೆ. ದರ್ಜಿಯ ಮನೆಯಲ್ಲಿ ಚಳಿ ಹೋದ ಮೇಲೂ ಅವರು ಒಂದು ತಿಂಗಳು ಬಾಯಿ ಬಿಡಲಿಲ್ಲ. ಜನ ಶಾಲು ಹೊದ್ದು ಕೂತು, ಒಬ್ಬ ಮುದುಕಿ ಮೂರ್ಛೆ ಹೋದ ಮೇಲೆ ಹೇಳಿದರಂತೆ. ಆ ಕಥೆ ಕೇಳಿ ನಾನು ಎಷ್ಟು ನಕ್ಕಿದ್ದೆ!

ಈಗ ನನ್ನ ಬಾಯಿಯೂ ತೆರೆಯಲಿಲ್ಲ. ಇಂದುಮತಿಯ ಮನೆಯಲ್ಲಿ ನಿಲ್ಲಲಿಲ್ಲ ಎಂದು ಜನ ಅನ್ನುತ್ತಾರೆ ಎಂಬ ಅಂಜಿಕೆ ಒಂದು. ಹೇಳದಿದ್ದರೆ ಒಂದು ವೇಳೆ ತಿರುಗಿ ಬಂದೀತು ಎಂಬ ಆಸೆ ಇನ್ನೊಂದು. ಉಷ್ಣಮಾಪಕವನ್ನು ಎರಡು ಗೇಣು ಒಳಗಿನ ಗೂಟಕ್ಕೆ ಕಟ್ಟಿದೆ. ಅಲ್ಲಿ ಹತ್ತೊಂಬತ್ತು ಇತ್ತು. ಮರುದಿನ ಮತ್ತೆ ಎರಡು ಗೇಣು. ಕಚೇರಿಯಲ್ಲಿ ಕೂತು ಹಾಳೆಯ ಮೇಲೆ ಬರೆದು ನೋಡಿದೆ: "ಹಿತ್ತಿಲಿನ ಉಷ್ಣಾಂಶದಲ್ಲಿ ಅಲ್ಪ ಪ್ರಮಾಣದ ಏರಿಕೆ ಕಂಡುಬಂದಿದ್ದು, ಸಾರ್ವಜನಿಕರು ಗಾಬರಿಯಾಗಬಾರದಾಗಿ..." ಹರಿದು ಹಾಕಿದೆ. ಅಲ್ಪ ಎಂಬುದು ಸುಳ್ಳು. ಗಾಬರಿಯಾಗಿದ್ದವಳು ನಾನೊಬ್ಬಳೇ.

ಕೊತ್ತಂಬರಿ ಒಮ್ಮೆಲೇ ಕಡ್ಡಿ ಎತ್ತಿ ಹೂ ಬಿಟ್ಟಿತು. ಹೂಕೋಸು ಹಳದಿಗೆ ತಿರುಗಿ ಬಿಡಿಬಿಡಿಯಾಯಿತು. "ಬಲಿತ್ವು, ತಿನ್ನೂ ಹೊತ್ತು ಬಂತು" ಎಂದು ಹೊನ್ನೂರಬಿ ಏನೂ ಆಗದವಳಂತೆ ಕೊಯ್ದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿ, ತಲೆಗೆ ಉಣ್ಣೆಯ ಕುಲಾವಿ ಇನ್ನಷ್ಟು ಕೆಳಗೆ ಎಳೆದುಕೊಂಡಳು.

ಚಳಿ ಬಚ್ಚಲ ಕಡೆಯಿಂದ ಗೋಡೆಯ ಕಡೆಗೆ, ಅಂದರೆ ಬಟಾಣಿಯ ಕಡೆಗೆ ಸರಿಯುತ್ತಿತ್ತು. ಇದರಿಂದ ನನಗೆ ಸ್ವಲ್ಪ ಧೈರ್ಯ ಬರಬೇಕಿತ್ತು. ಆದರೆ ಗೋಡೆಯ ಆಚೆ ಕಮ್ಮಾರ ಮೌನೇಶನ ಕುಲುಮೆ. ಅದು ಗೋಡೆಯಿಂದ ಸಾಕಷ್ಟು ದೂರವಿತ್ತು, ಮೌನೇಶನೂ ದಿನಕ್ಕೆ ಎರಡು ಗಂಟೆ ಕೆಲಸ ಮಾಡಿ ಮಲಗುವ ಆಸಾಮಿ. ಈಗ ಎಲ್ಲಿಲ್ಲದ ಹುರುಪು. ಗೋಡೆಯ ಬುಡಕ್ಕೇ ಇನ್ನೊಂದು ಬೆಂಕಿ ಹಾಕಿಕೊಂಡು, ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಸುತ್ತಿಗೆ ಬಡಿಯುತ್ತಿದ್ದ. ಗೋಡೆಗೆ ಅಂಗೈ ಇಟ್ಟರೆ ಹಂಚಿನಂತೆ ಕಾದಿರುತ್ತಿತ್ತು. ಬಳ್ಳಿಯ ಕೆಳಗಿನ ಕಾಯಿಗಳು, ಗೋಡೆಗೆ ತಾಗಿದವು, ಒಂದೊಂದಾಗಿ ಕಾಳು ತುಂಬದೆಯೇ ಬಿಳಿಚಿಕೊಂಡವು. ಮೇಲಿನವು ತುಂಬಲು ಇನ್ನೂ ಇಪ್ಪತ್ತು ದಿನ ಬೇಕಿತ್ತು.

"ಮೌನೇಶಗ ಒಂದು ಮಾತು ಹೇಳ್ರಿ" ಎಂದು ಪಂಪಾಪತಿಗೆ ಅಂದೆ.

"ಕಮ್ಮಾರಗ ಬೆಂಕಿ ಹಚ್ಚಬ್ಯಾಡ ಅಂತ ಹೆಂಗ ಹೇಳ್ಲಿ? ಯಾಕ ಅಂತ ಕೇಳಿದ್ರ?"

ಯಾಕೆಂದರೆ ನಮ್ಮಲ್ಲಿ ಚಳಿ ಕಡಿಮೆಯಾಗಿದೆ, ಬೆಂಕಿ ತಡೆಯುವಷ್ಟು ಉಳಿದಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ. ತಟ್ಟೆಯಲ್ಲಿ ಹಳದಿ ಹೂಕೋಸಿನ ಪಲ್ಯವಿತ್ತು.

ಹೀಗೆ ಒಂಬತ್ತು ದಿನ ಕಳೆದವು. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹಿತ್ತಿಲಲ್ಲಿ ಹನ್ನೊಂದು ಜನ ಕೂತಿದ್ದರು. ನಾನು ಗೂಳಪ್ಪ ತಾತನಿಗೆ ಚಹಾ ಕೊಡಲು ಬಾಗಿದೆ.

"ಏನ್ ಚಳಿ ಬೇ ಯವ್ವಾ!" ಎಂದ ತಾತ, ಶಾಲನ್ನು ಕಿವಿಯವರೆಗೆ ಸುತ್ತಿಕೊಂಡು. "ಬೆನ್ನಾಗ ನೀರು ಸುರುವಿದಂಗ ಆಗೈತಿ."

ಬೆನ್ನಲ್ಲಿ ನೀರು ನಿಜವಾಗಿಯೂ ಇತ್ತು. ಅವನ ಮೂಗಿನ ತುದಿಯಲ್ಲಿ ಒಂದು ಹನಿ ಬೆವರು ಕೂಡಿಕೊಂಡು, ತೂಗಿ, ಚಹಾದೊಳಕ್ಕೆ ಬಿತ್ತು. ತಾತ ಅದನ್ನು ನೋಡದವನಂತೆ ಒಂದು ಗುಟುಕು ಕುಡಿದು, ಹಲ್ಲು ಕಡಿದು, "ಹೂ ಹೂ ಹೂ" ಎಂದು ನಡುಗಿ ತೋರಿಸಿದ. ನಾನು ಸುತ್ತ ನೋಡಿದೆ. ಹನ್ನೊಂದೂ ಮುಖ ಬೆಂದ ಗಜ್ಜರಿಯಂತೆ ಕೆಂಪಾಗಿದ್ದವು. ಒಬ್ಬರೂ ಶಾಲು ಸಡಿಲಿಸಿರಲಿಲ್ಲ. ಒಬ್ಬ ತಾಯಿ ಶಾಲಿನ ಒಳಗೆ ಅಳುವ ಕೂಸಿಗೆ ಕದ್ದು ಗಾಳಿ ಹಾಕುತ್ತಿದ್ದಳು. ಒಂಬತ್ತು ದಿನ ನಾನೊಬ್ಬಳೇ ಗುಟ್ಟು ಹೊತ್ತಿದ್ದೇನೆ ಎಂದುಕೊಂಡಿದ್ದೆ. ಇವರು ಒಂಬತ್ತು ದಿನ ನನ್ನ ಗುಟ್ಟನ್ನು ಉಣ್ಣೆಯಲ್ಲಿ ಸುತ್ತಿಕೊಂಡು ಬೇಯುತ್ತಿದ್ದರು.

ಗೋಡೆಯ ಆಚೆ ಸುತ್ತಿಗೆ ಬಡಿಯುತ್ತಲೇ ಇತ್ತು. ಇನ್ನೊಂದು ಕಾಯಿ ಬಿಳಿಚಿದ್ದು ಕಾಣಿಸಿತು.

"ತಾತಾ, ಶಾಲು ತೆಗೀರಿ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಇನ್ನೊಮ್ಮೆ ಹೇಳಿದೆ, ಎಲ್ಲರಿಗೂ ಕೇಳುವಂತೆ. "ಎಲ್ಲಾರೂ ಶಾಲು ತೆಗೀರಿ. ನಮ್ಮ ಮನಿಯಿಂದ ಚಳಿ ಹೊಂಟೈತಿ. ಒಂಬತ್ತು ದಿನ ಆತು. ನಾ ಹೇಳಿರಲಿಲ್ಲ."

ತಾತ ಶಾಲನ್ನು ಕಿತ್ತು ಗಜ್ಜರಿ ಸಾಲಿನ ಮೇಲೆ ಎಸೆದ. "ನಿನ್ನ ಹೊಟ್ಟಿ ತಣ್ಣಗಿರಲಿ ತಾಯಿ! ಇನ್ನೊಂದು ದಿನ ಬಿಟ್ಟಿದ್ರ ನನ್ನ ಹೆಣ ಇಲ್ಲೇ ಕುದಿತಿತ್ತು." ಹನ್ನೊಂದು ಶಾಲು ಬಿದ್ದವು. ಯಾರೋ ನಕ್ಕರು, ಎಲ್ಲರೂ ನಕ್ಕರು. ಕೂಸು ಅಳುವುದನ್ನು ನಿಲ್ಲಿಸಿತು.

ಸುತ್ತಿಗೆಯ ಸದ್ದೂ ನಿಂತಿತು. ಗೋಡೆಯ ಮೇಲೆ ಮೌನೇಶನ ತಲೆ ಕಾಣಿಸಿತು. ಹೆಗಲ ಮೇಲೆ ಕಂಬಳಿ, ತುಟಿ ನೀಲಿ.

"ಹೇಳಿದ್ರಾ ಅಕ್ಕಾರ? ಹೇಳೇಬಿಟ್ರಾ?" ಎಂದ. "ಅದು ನನ್ನ ಹಿತ್ತಲದಾಗ ಬಂದು ಕುಂತೈತ್ರಿ. ಒಂದು ವಾರದಿಂದ ನನ್ನ ಹಲ್ಲು ಕಟಕಟ ಅಂತಾವ. ಸುತ್ತಿಗಿ ಸದ್ದಿನ್ಯಾಗ ಮುಚ್ಚಿಟ್ಟೀನಿ. ಬೆಂಕಿ ಹಾಕಲಿಲ್ಲಂದ್ರ ತಂಪು ಗ್ವಾಡಿ ದಾಟಿ ನಿಮಗ ಗೊತ್ತಾದೀತು, ನನ್ನಿಂದ ನಿಮಗ ಅವಮಾನ ಆದೀತು ಅಂತ..."

ಹೊನ್ನೂರಬಿ ಎದ್ದು ನಿಂತಳು. "ಏ ಮರ್ಯಾದಿಸ್ತಾ! ನಿನ್ನ ಮರ್ಯಾದಿ ಬೆಂಕಿ ನನ್ನ ಬಟಾಣಿ ಸುಡಾಕತ್ತೈತಿ. ಮೊದಲ ಅದನ್ನ ಆರಿಸು!"

ಬೆಂಕಿಯ ಮೇಲೆ ನೀರು ಬಿದ್ದ ಸದ್ದು ಕೇಳಿತು. ಹೊನ್ನೂರಬಿ ಗೋಡೆಯ ಉದ್ದಕ್ಕೆ ನಡೆದಳು, ಬಳ್ಳಿಗಳನ್ನು ನೋಡಿದಳು, ಕೂತವರನ್ನು ಎಣಿಸಿದಳು. "ಗ್ವಾಡಿ ತೆಗೀಬೇಕು" ಎಂದಳು. "ಬಳ್ಳಿ ಅಲುಗಬಾರದು."

ಆಮೇಲೆ ನಡೆದದ್ದನ್ನು ನೋಡಿದ ಮೇಲೆ ನನ್ನ ಊರಿನ ಜನರ ಬಗ್ಗೆ ನಾನು ಹಗುರವಾಗಿ ಮಾತಾಡಿಲ್ಲ. ದಾರಗಳನ್ನು ಗೋಡೆಯ ಗೂಟದಿಂದ ಬಿಚ್ಚಬೇಕಿತ್ತು, ಬಿಚ್ಚಿದರೆ ಬಳ್ಳಿ ಕುಸಿಯುತ್ತಿತ್ತು, ಗೋಡೆ ಇಳಿಸಿ ಹೊಸ ಗಳ ನೆಡುವ ತನಕ ಅವನ್ನು ಹಿಡಿದು ನಿಲ್ಲುವವರು ಬೇಕಿತ್ತು. ಕೂಸನ್ನು ಶಾಲುಗಳ ಮೇಲೆ ಮಲಗಿಸಿ, ಹನ್ನೊಂದು ಜನ, ಹನ್ನೆರಡನೆಯವಳು ನಾನು, ಸಾಲಾಗಿ ನಿಂತೆವು. ಹೊನ್ನೂರಬಿ ಒಬ್ಬೊಬ್ಬರ ಚಾಚಿದ ಕೈಗಳ ಮೇಲೆ ಒಂದೊಂದು ಬಳ್ಳಿಯನ್ನು, ಹಸುಗೂಸನ್ನು ಕೊಡುವಂತೆ ಮಲಗಿಸಿದಳು. ಪಂಪಾಪತಿ ಮತ್ತು ಮೌನೇಶ ಆಚೆಯಿಂದ ಹಸಿ ಇಟ್ಟಿಗೆಯನ್ನು ಒಂದೊಂದೇ ಬಿಡಿಸಿ ತೆಗೆದರು. ಧೂಳು ಏಳದಂತೆ ಪ್ರತಿ ಇಟ್ಟಿಗೆಗೂ ಒದ್ದೆ ಬಟ್ಟೆ ಒತ್ತಿ ತೆಗೆದರು. ಬಿಸಿಲು ನೆತ್ತಿಗೆ ಬಂತು. ಪಕ್ಕದಲ್ಲಿ ತಾತ ಕಣ್ಣು ಮುಚ್ಚಿ ನಿಂತಿದ್ದ.

"ತಾತಾ, ಕೈ ಸೋತ್ವೇನು?"

"ಕೈ ಇಲ್ಲ ಬೇ. ಮೂಗು ತುರಸ್ತೈತಿ. ಮೂವತ್ತು ವರ್ಷ ಟಪಾಲು ಹಂಚೀನಿ, ಇಷ್ಟು ತೂಕದ್ದು ಕೈಯಾಗ ಹಿಡದಿಲ್ಲ."

ಕೂಸಿನ ತಾಯಿ ತನ್ನ ಭುಜವನ್ನು ಅವನ ಮುಖದ ಕಡೆಗೆ ಒಡ್ಡಿದಳು. ತಾತ ಸಂಕೋಚಪಡುತ್ತ ಅದಕ್ಕೆ ಮೂಗು ಉಜ್ಜಿಕೊಂಡ. ಒಂದು ಎಲೆಯೂ ಅಲುಗಲಿಲ್ಲ.

ಗೋಡೆ ಮೊಣಕಾಲಿನವರೆಗೆ ಇಳಿದಾಗ ಅದು ಬಂತು. ಮೊದಲು ಕಾಲ್ಬೆರಳಿಗೆ, ಆಮೇಲೆ ಮೀನಖಂಡಕ್ಕೆ. ನೀರಿನಂತೆ ಹರಿದು ಬಂದು ನಮ್ಮ ಸುತ್ತ ನಿಂತಿತು. ಈ ಸಲ ತಾತ ನಡುಗಿದ್ದು ನಿಜ.

ಗಳ ನೆಟ್ಟು ಬಳ್ಳಿ ಕಟ್ಟಿದೆವು. ಬಚ್ಚಲ ಕಡೆಯ ಬಿಸಿಲಿಗೆ ಗೋಣಿತಟ್ಟು ಇಳಿಬಿಟ್ಟು, ಸರದಿಯ ಮೇಲೆ ನೀರು ಚಿಮುಕಿಸಿದೆವು. ಮೌನೇಶ ಇಪ್ಪತ್ತು ದಿನ ಕಿಡಿಯನ್ನೂ ಹೊತ್ತಿಸಲಿಲ್ಲ. ಊರಿನ ಕುಡಗೋಲು, ಈಳಿಗೆ, ಕೊಡಲಿ ಎಲ್ಲ ಮೊಂಡಾದವು. ಮದುವೆಯ ಮನೆಯೊಂದರಲ್ಲಿ ಉಳ್ಳಾಗಡ್ಡಿಯನ್ನು ಗುದ್ದಿ ಸಾರಿಗೆ ಹಾಕಿದರಂತೆ. ಯಾರೂ ಅವನನ್ನು ಯಾವಾಗ ಬೆಂಕಿ ಹಚ್ಚುತ್ತೀ ಎಂದು ಕೇಳಲಿಲ್ಲ. ಜನ ನನ್ನ ಬಾಗಿಲಿನಿಂದ ಬಂದು ಅವನ ಬಾಗಿಲಿನಿಂದ ಹೋಗುತ್ತಿದ್ದರು, ಇಬ್ಬರಿಗೂ ಬೇಸರವಾಗಬಾರದೆಂದು.

ಒಂದು ಸಂಜೆ ಗೋಣಿತಟ್ಟು ತೋಯಿಸುತ್ತ ಹೊನ್ನೂರಬಿಯನ್ನು ಕೇಳಿದೆ. "ನಿಮಗ ಯಾವಾಗ ತಿಳೀತು ಆಯಿ?"

"ನಿನಗಿಂತ ಎರಡು ದಿನ ಮೊದಲ."

"ಹೇಳಬಾರದಿತ್ತಾ?"

"ನಿನ್ನ ಮನಿ ಅನ್ನ ಉಂಡು, ನಿನ್ನ ಮನಿ ಬಿಸಿ ಐತಿ ಅನ್ಲ್ಯಾ?"

"ಬಟಾಣಿ ಹೋಗಿಬಿಟ್ಟಿದ್ರ?"

ಅವಳು ಇನ್ನೊಂದು ಬೊಗಸೆ ನೀರು ಚಿಮುಕಿಸಿದಳು. "ಹೋಗ್ತಿತ್ತು" ಎಂದಳು. "ರಾತ್ರಿ ಎದ್ದು ಕುಂತು ಅಳ್ತಿದ್ನಿ. ಮನಿಯವ್ರು ಹೇಳೂ ತನಕ ಕಾಯೂದು ಐತೆಲ್ಲ, ಅದರ ಮುಂದ ಈ ಬಿತ್ತೂದು ಬೆಳೆಯೂದು ಏನೂ ಅಲ್ಲ. ನೀ ಲಗೂನ ಹೇಳಿದಿ ಮಗಳ. ಒಂಬತ್ತ ದಿನ." ನಾನು ತಲೆ ಬಗ್ಗಿಸಿದೆ. ಅವಳು ಹಂಗಿಸುತ್ತಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಕಾಳು ತುಂಬಿದ ಮೇಲೆ ಗೋಣಿತಟ್ಟು ಬಿಚ್ಚಿ ಬಿಸಿಲನ್ನು ಒಳಗೆ ಬಿಟ್ಟೆವು. ಇನ್ನು ಒಣಗಿಸುವ ಕೆಲಸ ಅದರದು, ಅದರಲ್ಲಿ ನಮ್ಮೂರ ಬಿಸಿಲಿಗೆ ಸರಿಸಾಟಿ ಇಲ್ಲ. ಬಳ್ಳಿ ಹಳದಿಯಾಯಿತು, ಕಾಯಿ ಕಾಗದದಂತಾಯಿತು. ಗೋಡೆ ತೆಗೆದ ಇಪ್ಪತ್ತೇಳನೆಯ ದಿನ ಗಾಳಿ ಬೀಸಿದಾಗ ಒಳಗೆ ಕಾಳು ಗಲಗಲ ಎಂದವು.

ಎಲ್ಲರೂ ಬಂದಿದ್ದರು. ಹೊನ್ನೂರಬಿ ಒಂದು ಕಾಯಿ ಕಿತ್ತು ಅಂಗೈಯಲ್ಲಿ ಒತ್ತಿ ಒಡೆದಳು. ಆರು ಕಾಳು. ಒಂದನ್ನು ಆರಿಸಿ ನನ್ನ ಮುಂದೆ ಹಿಡಿದಳು.

"ನನಗ ಹಲ್ಲಿಲ್ಲ. ನೀ ಕಚ್ಚು. ಹಲ್ಲು ಇಳೀತಂದ್ರ ಕಾಳು ಆಗಿಲ್ಲ, ಬೀಜಕ್ಕ ಬರೂದಿಲ್ಲ. ಸುಮ್ನ ಕಚ್ಚಬ್ಯಾಡ. ಜೋರಾಗಿ ಕಚ್ಚು."

ಪಂಪಾಪತಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಕಾಳನ್ನು ದವಡೆ ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕಚ್ಚಿದೆ.

ಹಲ್ಲು ನೋಯಿತು. ಬಟಾಣಿಗೆ ಏನೂ ಆಗಿರಲಿಲ್ಲ.